ಅಂಕಿ ಏರಿಸುವ ಮುಂಚೆ: ಪಿಎಚ್‌ಪಿ ಸೆಟ್ಟಿಂಗ್ ಬಗ್ಗೆ ಅಕ್ಕನ ಮಗಳಿಗೆ ಕಿವಿಮಾತು

ಪುಟ್ಟಿ, ಕಾಲೇಜಿನ ವೆಬ್‌ಸೈಟಿನ ಜವಾಬ್ದಾರಿ ಇನ್ನು ನಿನ್ನದೇ ಎಂದು ಅಕ್ಕ ಹೇಳಿದಳು. ಬಹಳ ಸಂತೋಷವಾಯಿತು. ಪ್ರವೇಶದ ಅರ್ಜಿ, ಅಂಕಪಟ್ಟಿ, ಶುಲ್ಕದ ರಸೀದಿ ಎಲ್ಲವೂ ಅದರಲ್ಲೇ ಎಂದಮೇಲೆ ಅದು ಸಣ್ಣ ಕೆಲಸವಲ್ಲ. ಸೈಟು ಪಿಎಚ್‌ಪಿಯದು, ಸರ್ವರು ಡೆಬಿಯನ್ 12, ಮುಂದೆ ಎಂಜಿನ್‌ಎಕ್ಸ್, ಹಿಂದೆ ಮರಿಯಾಡಿಬಿ ಎಂದು ನೀನು ಕಳಿಸಿದ ವಿವರ ನೋಡಿದೆ. ಅದಕ್ಕೆ ತಕ್ಕ ಹಾಗೆ ನನಗೆ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಹೋಸ್ಟಿಂಗ್ ಸಪೋರ್ಟಿನಲ್ಲಿ ಇದ್ದಷ್ಟು ಕಾಲ ನಾನು ಪದೇಪದೇ ಕಂಡ ದೃಶ್ಯ ಒಂದೇ. ಸೈಟು ಎಲ್ಲೋ ತಡವರಿಸುತ್ತದೆ. ಯಾರೋ ಇಂಟರ್‌ನೆಟ್‌ನಲ್ಲಿ ಸಿಕ್ಕ ನಾಲ್ಕು ಸಾಲು ತಂದು ಅಂಟಿಸಿ, ಎಲ್ಲ ಅಂಕಿಯನ್ನೂ ಹತ್ತು ಪಟ್ಟು ಏರಿಸುತ್ತಾರೆ. ಆ ಹೊತ್ತಿಗೆ ಸರಿಹೋದಂತೆ ಕಾಣುತ್ತದೆ. ಆದರೆ ಸೆಟ್ಟಿಂಗಿನ ಪ್ರತಿ ಮಿತಿಗೂ ಒಂದು ಕಾರಣವಿದೆ. ಅರ್ಜಿ ನಿಂತದ್ದು ಯಾವ ಮಿತಿಯಲ್ಲಿ ಎಂದು ತಿಳಿಯದೆ ಅಂಕಿ ಮುಟ್ಟಬೇಡ. ಮುಂದೆ ಹೇಳುವುದೆಲ್ಲ ಆ ಮಿತಿಗಳನ್ನು ಗುರುತಿಸುವ ಬಗೆಯೇ.

• ಮೊದಲು ಯಾವ ಫೈಲು ಓದಲ್ಪಡುತ್ತಿದೆ ಎಂದು ಖಾತ್ರಿ ಮಾಡಿಕೊ. ಡೆಬಿಯನ್ನಿನಲ್ಲಿ ಪಿಎಚ್‌ಪಿ.ಇನಿ ಒಂದಲ್ಲ. ಕಮಾಂಡ್ ಲೈನಿಗೆ ಒಂದು, ವೆಬ್‌ಸೈಟ್ ನಡೆಸುವ ಎಫ್‌ಪಿಎಂಗೆ ಇನ್ನೊಂದು, ಬೇರೆ ಬೇರೆ ಫೋಲ್ಡರಿನಲ್ಲಿರುತ್ತವೆ. ಟರ್ಮಿನಲ್ಲಿನಲ್ಲಿ ಪರೀಕ್ಷಿಸಿದರೆ ಕಮಾಂಡ್ ಲೈನಿನದ್ದು ಕಾಣುತ್ತದೆ. ಅದನ್ನು ತಿದ್ದಿ ಸೈಟು ಬದಲಾಗಲಿಲ್ಲ ಎಂದು ತಲೆ ಕೆಡಿಸಿಕೊಳ್ಳುವವರು ತುಂಬಾ ಜನ. ‘ಪಿಎಚ್‌ಪಿಇನ್ಫೊ’ ಕರೆಯುವ ಒಂದು ಸಣ್ಣ ಪುಟ ಬರೆದು ಬ್ರೌಸರಿನಲ್ಲಿ ತೆರೆ. ‘ಲೋಡೆಡ್ ಕಾನ್ಫಿಗರೇಶನ್ ಫೈಲ್’ ಎಂಬ ಸಾಲಿನಲ್ಲಿ ಇರುವುದೇ ನಿಜವಾದ ಫೈಲು. ಅದರ ಕೆಳಗೆ ‘ಕಾನ್ಫ್.ಡಿ’ ಫೋಲ್ಡರಿನ ಫೈಲುಗಳ ಪಟ್ಟಿ ಇರುತ್ತದೆ, ಅವು ಪಿಎಚ್‌ಪಿ.ಇನಿ ಆದಮೇಲೆ ಓದಲ್ಪಡುವುದರಿಂದ ಅವುಗಳದ್ದೇ ಮಾತು ನಡೆಯುತ್ತದೆ. ಎಫ್‌ಪಿಎಂ ಪೂಲಿನ ಫೈಲಿನಲ್ಲಿ ಯಾರಾದರೂ ‘ಅಡ್ಮಿನ್ ವ್ಯಾಲ್ಯೂ’ ಎಂದು ಬರೆದಿಟ್ಟಿದ್ದರೆ ಅದು ಎಲ್ಲಕ್ಕಿಂತ ಮೇಲೆ. ಇದಿಷ್ಟು ನೋಡಿ ಆದ ಕೂಡಲೇ ಆ ಪುಟವನ್ನು ಅಳಿಸಿಬಿಡು. ಸರ್ವರಿನ ಪೂರ್ತಿ ಜಾತಕ ಹೊರಗಿನವರಿಗೆ ಓದಲು ಸಿಗಬಾರದು.

• ಹಳೆಯ ಲೇಖನಗಳಲ್ಲಿ ‘ಎಚ್‌ಟಿಆಕ್ಸೆಸ್’ ಫೈಲಿನಲ್ಲಿ ಪಿಎಚ್‌ಪಿ ಮಿತಿ ಬರೆಯಿರಿ ಎಂಬ ಸಲಹೆ ಸಿಗುತ್ತದೆ. ಅದು ಅಪಾಚೆಯ ಒಳಗೇ ಪಿಎಚ್‌ಪಿ ಓಡುತ್ತಿದ್ದ ಕಾಲದ್ದು. ಎಂಜಿನ್‌ಎಕ್ಸ್ ಆ ಫೈಲನ್ನು ಓದುವುದೇ ಇಲ್ಲ. ಅಪಾಚೆ ಮತ್ತು ಎಫ್‌ಪಿಎಂ ಜೋಡಿಯಲ್ಲಾದರೆ ಆ ಸಾಲಿಗೆ ಸೈಟೇ 500 ಎರರ್ ಕೊಡುತ್ತದೆ. ಶೇರ್ಡ್ ಹೋಸ್ಟಿಂಗ್‌ನಲ್ಲಿ ಇದ್ದ ಪಕ್ಷದಲ್ಲಿ ‘.ಯೂಸರ್.ಇನಿ’ ಬಳಸಬಹುದು. ಅದರ ಬದಲಾವಣೆ ಕಾಣಲು 300 ಸೆಕೆಂಡು, ಅಂದರೆ ಐದು ನಿಮಿಷ ಬೇಕಾಗುತ್ತದೆ. ಅಷ್ಟರೊಳಗೆ ಇನ್ನೊಂದು ಬದಲಾವಣೆ ಮಾಡಬೇಡ.

• ಪಿಎಚ್‌ಪಿ ಜೊತೆ ಎರಡು ಮಾದರಿ ಫೈಲು ಬರುತ್ತವೆ, ಒಂದು ಡೆವಲಪ್‌ಮೆಂಟಿಗೆ, ಒಂದು ಪ್ರೊಡಕ್ಷನ್ನಿಗೆ. ನಿನ್ನದು ಎರಡನೆಯದರಿಂದ ಹುಟ್ಟಿದೆಯೇ ಎಂದು ಹೋಲಿಸಿ ನೋಡು. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

• ಎರರ್‌ಗಳು ಪರದೆಯ ಮೇಲೆ ಬರಬಾರದು, ಲಾಗಿನಲ್ಲಿ ಬೀಳಲೇಬೇಕು. ‘ಡಿಸ್‌ಪ್ಲೇ ಎರರ್ಸ್’ ಆಫ್, ‘ಲಾಗ್ ಎರರ್ಸ್’ ಆನ್. ಡೇಟಾಬೇಸ್ ಒಂದು ಕ್ಷಣ ನಿಂತರೆ ಏನಾಗುತ್ತದೆ ಯೋಚಿಸು. ಪರದೆಗೆ ಬಿಟ್ಟಿದ್ದರೆ ಅರ್ಜಿ ತುಂಬುತ್ತಿರುವ ಹುಡುಗನ ಮೊಬೈಲಿನಲ್ಲಿ ಸರ್ವರಿನ ಫೋಲ್ಡರ್ ದಾರಿ, ಡೇಟಾಬೇಸ್ ಬಳಕೆದಾರನ ಹೆಸರು, ಕೆಲವೊಮ್ಮೆ ಸ್ಟ್ಯಾಕ್ ಟ್ರೇಸಿನ ಜೊತೆ ಪಾಸ್‌ವರ್ಡ್ ಕೂಡ ಅಚ್ಚಾಗುತ್ತದೆ. ‘ಎಕ್ಸೆಪ್ಶನ್ ಇಗ್ನೋರ್ ಆರ್ಗ್ಸ್’ ಎಂಬ ಸೆಟ್ಟಿಂಗು 7.4ರಿಂದ ಇದೆ, ಅದನ್ನು ಆನ್ ಮಾಡಿದರೆ ಟ್ರೇಸಿನಲ್ಲಿ ಪಾಸ್‌ವರ್ಡಿನಂಥ ಮೌಲ್ಯಗಳು ಬರುವುದಿಲ್ಲ. ಲಾಗ್ ಫೈಲನ್ನು ವೆಬ್ ಫೋಲ್ಡರಿನ ಹೊರಗೆ ಇಡು. ಬೆಳಿಗ್ಗೆ ಕಾಫಿ ಹೊತ್ತಿಗೆ ಅದನ್ನು ಒಮ್ಮೆ ಓದುವ ಅಭ್ಯಾಸ ಮಾಡಿಕೊ. ಮುಂದೆ ಹೇಳುವ ಎಷ್ಟೋ ತೊಂದರೆಗಳು ದೂರು ಬರುವ ಮೊದಲೇ ಅಲ್ಲಿ ಒಂದು ಸಾಲಾಗಿ ಬಂದು ಕೂತಿರುತ್ತವೆ.

• ಇನ್ನು ಅಪ್‌ಲೋಡ್. ಜೂನ್ ತಿಂಗಳಲ್ಲಿ ನಿನಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಇದರ ಬಗ್ಗೆಯೇ ಇರುತ್ತವೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಓದು. ಹಳ್ಳಿಯ ಹುಡುಗಿಯೊಬ್ಬಳು ಅಂಕಪಟ್ಟಿಯ ಫೋಟೊ ಮೊಬೈಲಿನಲ್ಲಿ ತೆಗೆದು ಕಳಿಸುತ್ತಾಳೆ. ಆ ಫೋಟೊ ನಾಲ್ಕೈದು ಎಂಬಿ ಇರುತ್ತದೆ. ಪಿಎಚ್‌ಪಿ ತಾನಾಗಿ ಬಿಡುವುದು ಒಂದು ಫೈಲಿಗೆ 2 ಎಂಬಿ, ಇಡೀ ಫಾರ್ಮಿಗೆ 8 ಎಂಬಿ. ಅದಕ್ಕೂ ಮುಂಚೆ ಎಂಜಿನ್‌ಎಕ್ಸ್ ನಿಂತಿದೆ. ಅದರ ‘ಕ್ಲೈಂಟ್ ಮ್ಯಾಕ್ಸ್ ಬಾಡಿ ಸೈಜ್’ ತಾನಾಗಿ ಇರುವುದು 1 ಎಂಬಿ ಮಾತ್ರ.
ಇದರಲ್ಲಿ ಎಲ್ಲಿ ಸಿಕ್ಕಿಬಿತ್ತು ಎಂಬುದನ್ನು ಲಕ್ಷಣ ನೋಡಿ ಹೇಳಬಹುದು. 413 ಎಂಬ ಅಂಕಿ ಕಂಡರೆ ಎಂಜಿನ್‌ಎಕ್ಸ್ ತಡೆದಿದೆ, ಪಿಎಚ್‌ಪಿಗೆ ವಿಷಯವೇ ಗೊತ್ತಿಲ್ಲ. ಫಾರ್ಮಿನ ಬೇರೆ ಮಾಹಿತಿ ಬಂದು ಫೈಲಿಗೆ ಮಾತ್ರ ಎರರ್ ಕೋಡ್ 1 ಬಂದಿದ್ದರೆ ‘ಅಪ್‌ಲೋಡ್ ಮ್ಯಾಕ್ಸ್ ಫೈಲ್‌ಸೈಜ್’ ಸಾಲಲಿಲ್ಲ. ಮೂರನೆಯದು ಜನರನ್ನು ಬಹಳ ಸತಾಯಿಸುತ್ತದೆ. ಹುಡುಗಿ ಹೆಸರು, ವಿಳಾಸ ಎಲ್ಲ ತುಂಬಿದ್ದಾಳೆ, ಒತ್ತಿದ ಮೇಲೆ ‘ಹೆಸರು ಕಡ್ಡಾಯ’ ಎಂದು ಬರುತ್ತದೆ. ಇದು ‘ಪೋಸ್ಟ್ ಮ್ಯಾಕ್ಸ್ ಸೈಜ್’ ಮೀರಿದ್ದರ ಗುರುತು. ಅದನ್ನು ಮೀರಿದರೆ ಪಿಎಚ್‌ಪಿ ಫಾರ್ಮಿನ ಮಾಹಿತಿಯನ್ನೂ ಫೈಲುಗಳನ್ನೂ ಪೂರ್ತಿ ಖಾಲಿ ಮಾಡಿ ನಿನ್ನ ಕೋಡಿಗೆ ಕೊಡುತ್ತದೆ. ನಿನ್ನ ಕೋಡು ಖಾಲಿ ಹೆಸರು ನೋಡಿ ಅವಳನ್ನು ಬೈಯುತ್ತದೆ. ಪಾಪ, ಅವಳು ಮತ್ತೆ ಮತ್ತೆ ಹೆಸರು ಟೈಪ್ ಮಾಡುತ್ತಾಳೆ. ಬಂದ ಮಾಹಿತಿಯ ಗಾತ್ರ ಸೊನ್ನೆಗಿಂತ ಹೆಚ್ಚಿದ್ದೂ ಫಾರ್ಮು ಖಾಲಿ ಇದ್ದರೆ ‘ಫೋಟೊಗಳು ತುಂಬಾ ದೊಡ್ಡದಾಗಿವೆ’ ಎಂದು ಕನ್ನಡದಲ್ಲಿ ಸ್ಪಷ್ಟವಾಗಿ ತೋರಿಸುವ ನಾಲ್ಕು ಸಾಲು ಕೋಡು ಮೊದಲೇ ಬರೆದಿಡು.
ಲೆಕ್ಕ ಹೀಗೆ ಹಾಕು. ನಾಲ್ಕು ದಾಖಲೆ, ಒಂದೊಂದಕ್ಕೆ 6 ಎಂಬಿ ಎಂದರೆ 24. ಉಳಿದ ಫಾರ್ಮಿಗೆ ಸ್ವಲ್ಪ ಸೇರಿಸಿ ಪೋಸ್ಟ್ ಮಿತಿ 26 ಇಡು, ಎಂಜಿನ್‌ಎಕ್ಸಿನದು 28. ಫೈಲಿನದಕ್ಕಿಂತ ಪೋಸ್ಟಿನದು ದೊಡ್ಡದು, ಪೋಸ್ಟಿನದಕ್ಕಿಂತ ಮೆಮೊರಿಯದು ದೊಡ್ಡದು ಇರಬೇಕು.
ಕೋಡಿನ ಒಳಗಿಂದ ‘ಇನಿ ಸೆಟ್’ ಬಳಸಿ ಅಪ್‌ಲೋಡ್ ಮಿತಿ ಬದಲಿಸಲು ಹೋಗಬೇಡ, ಅದು ಆಗುವುದಿಲ್ಲ. ನಿನ್ನ ಕೋಡಿನ ಮೊದಲ ಸಾಲು ಓಡುವ ಹೊತ್ತಿಗೆ ಫೈಲು ಬಂದೋ ತಿರಸ್ಕಾರವಾಗಿಯೋ ಮುಗಿದಿರುತ್ತದೆ.

• ಅಂಕಿಯ ಮುಂದೆ ‘ಎಂ’ ಅಕ್ಷರ ಒಂದೇ ಬರೆ. ‘6ಎಂಬಿ’ ಎಂದು ಬರೆದರೆ ಪಿಎಚ್‌ಪಿ ಕೊನೆಯ ‘ಬಿ’ ಅಕ್ಷರ ನೋಡಿ, ಅರ್ಥವಾಗದೆ, ಅದನ್ನು ಬರೀ 6 ಬೈಟು ಎಂದು ತಿಳಿಯುತ್ತದೆ. ನಿನ್ನಲ್ಲಿರುವ 8.2ರಿಂದ ಈಚೆಗೆ ಇದಕ್ಕೆ ಎಚ್ಚರಿಕೆ ಬರುತ್ತದೆ. ಹಳೆಯ ಆವೃತ್ತಿಗಳಲ್ಲಿ ಅದೂ ಇರಲಿಲ್ಲ.

• ಮೆಮೊರಿ ಮಿತಿ ಇಡೀ ಸರ್ವರಿಗಲ್ಲ, ಒಂದೊಂದು ಕೋರಿಕೆಗೆ. ತಾನಾಗಿ ಇರುವುದು 128 ಎಂಬಿ, ಸಾಮಾನ್ಯ ಪುಟಕ್ಕೆ ಅದು ಧಾರಾಳ. ಸಾಲದೆ ಹೋಗುವುದು ಹೆಚ್ಚಾಗಿ ಚಿತ್ರಗಳನ್ನು ಚಿಕ್ಕದು ಮಾಡುವಾಗ. ಫೈಲು ಐದೇ ಎಂಬಿ ಇದೆಯಲ್ಲ ಎನ್ನಬೇಡ. ಚಿತ್ರ ಬಿಚ್ಚಿದಾಗ ಒಂದು ಪಿಕ್ಸೆಲಿಗೆ 4 ಬೈಟು ಬೇಕು. 4000 ಗುಣಿಸು 3000 ಎಂದರೆ ಒಂದು ಕೋಟಿ ಇಪ್ಪತ್ತು ಲಕ್ಷ ಪಿಕ್ಸೆಲು, ಸುಮಾರು 48 ಎಂಬಿ. ಮೊಬೈಲ್ ಫೋಟೊ ಅಡ್ಡಲಾಗಿ ಬಂದಿದೆ ಎಂದು ಕೋಡು ಅದನ್ನು ತಿರುಗಿಸಿದರೆ ಇನ್ನೊಂದು 48. ಈಗಿನ 50 ಮೆಗಾಪಿಕ್ಸೆಲ್ ಕ್ಯಾಮೆರಾದ ಪೂರ್ಣ ಗಾತ್ರದ ಚಿತ್ರವಾದರೆ ಬಿಚ್ಚುವುದಕ್ಕೇ 200 ಎಂಬಿ. ಹಾಗೆಂದು ಮಿತಿಯನ್ನು 1 ಜಿಬಿಗೆ ಏರಿಸಬೇಡ. ಬಿಚ್ಚುವ ಮುನ್ನ ಚಿತ್ರದ ಅಗಲ-ಎತ್ತರ ಓದಿ, ಅತಿ ದೊಡ್ಡದಿದ್ದರೆ ಬ್ರೌಸರಿನಲ್ಲೇ ಚಿಕ್ಕದು ಮಾಡಿ ಕಳಿಸುವ ವ್ಯವಸ್ಥೆ ಮಾಡು. ಹಳ್ಳಿಯ ನೆಟ್‌ವರ್ಕಿಗೂ ಅದರಿಂದ ಉಪಕಾರ.

• ಏಕಕಾಲಕ್ಕೆ ಎಷ್ಟು ಜನ ಎಂಬುದನ್ನು ನಿರ್ಧರಿಸುವುದು ಎಫ್‌ಪಿಎಂನ ‘ಮ್ಯಾಕ್ಸ್ ಚಿಲ್ಡ್ರನ್’. ಡೆಬಿಯನ್ನಿನಲ್ಲಿ ಅದು 5 ಎಂದು ಬರುತ್ತದೆ. ಫಲಿತಾಂಶದ ದಿನ ಅದು ಸಾಲುವುದಿಲ್ಲ, ಜನ ಸರದಿಯಲ್ಲಿ ಕಾಯುತ್ತಾರೆ. ನಿನ್ನ ಸರ್ವರಿಗೆ 2 ಜಿಬಿ ಮೆಮೊರಿ. ಡೇಟಾಬೇಸಿಗೂ ಆಪರೇಟಿಂಗ್ ಸಿಸ್ಟಮಿಗೂ 800 ಎಂಬಿ ಬಿಟ್ಟರೆ 1200 ಉಳಿಯಿತು. ಒಂದು ಪಿಎಚ್‌ಪಿ ಪ್ರೊಸೆಸ್ಸು ಸರಾಸರಿ 60 ಎಂಬಿ ತಿನ್ನುತ್ತಿದ್ದರೆ 20 ಇಡಬಹುದು. 60 ಎಂಬುದು ನಾನು ಲೆಕ್ಕಕ್ಕೆ ಹಿಡಿದದ್ದು. ನಿನ್ನ ಸರ್ವರಿನಲ್ಲಿ ಎಷ್ಟೆಂದು ನೀನೇ ಅಳೆದು ನೋಡು. ಧೈರ್ಯ ಮಾಡಿ 50 ಇಟ್ಟರೆ 3 ಜಿಬಿ ಬೇಕು, ಇಲ್ಲದ ಮೆಮೊರಿಯನ್ನು ಸರ್ವರು ಎಲ್ಲಿಂದ ತರುತ್ತದೆ? ಡಿಸ್ಕಿನ ಸ್ವಾಪಿಗೆ ಇಳಿದು ತೆವಳುತ್ತದೆ, ಕೊನೆಗೆ ಕರ್ನಲ್ಲು ಯಾವುದೋ ಒಂದು ಪ್ರೊಸೆಸ್ಸನ್ನು ಕೊಲ್ಲುತ್ತದೆ. ಎಲ್ಲಕ್ಕಿಂತ ಹೆಚ್ಚು ಮೆಮೊರಿ ಹಿಡಿದು ಕೂತಿರುವ ಡೇಟಾಬೇಸೇ ಅನೇಕ ಸಲ ಅದಕ್ಕೆ ಬಲಿ. ಇಪ್ಪತ್ತು ಜನರಿಗೆ ಬೇಗ ಪುಟ ಕೊಟ್ಟು ಉಳಿದವರನ್ನು ಅರೆಕ್ಷಣ ಕಾಯಿಸುವುದು ಒಳ್ಳೆಯದು.

• ಸಮಯದ ಮಿತಿ 30 ಸೆಕೆಂಡು. ಆದರೂ ಪುಟ ಒಂದು ನಿಮಿಷ ತೂಗಾಡಿ 504 ಕೊಟ್ಟಿತು ಎಂದರೆ ಆಶ್ಚರ್ಯಪಡಬೇಡ. ಲಿನಕ್ಸಿನಲ್ಲಿ ಈ 30 ಸೆಕೆಂಡಿನ ಲೆಕ್ಕಕ್ಕೆ ಡೇಟಾಬೇಸಿನ ಉತ್ತರಕ್ಕಾಗಿ ಕಾದ ಹೊತ್ತು ಸೇರುವುದಿಲ್ಲ. ಎಂಜಿನ್‌ಎಕ್ಸ್ ಮಾತ್ರ 60 ಸೆಕೆಂಡು ಕಾದು ಕೈಬಿಡುತ್ತದೆ. ಇಲ್ಲಿ ಮಿತಿ ಏರಿಸುವುದು ಯಾವ ಪರಿಹಾರವೂ ಅಲ್ಲ. ಎಫ್‌ಪಿಎಂನಲ್ಲಿ ‘ಸ್ಲೋ ಲಾಗ್’ ಇದೆ, 5 ಸೆಕೆಂಡು ದಾಟಿದ ಕೋರಿಕೆ ಕೋಡಿನ ಯಾವ ಸಾಲಿನಲ್ಲಿ ನಿಂತಿದೆ ಎಂದು ಬರೆದುಕೊಳ್ಳುವ ಹಾಗೆ ಇಡು. ನನ್ನ ಅನುಭವದಲ್ಲಿ ಹತ್ತರಲ್ಲಿ ಎಂಟು ಸಲ ಅದು ಇಂಡೆಕ್ಸ್ ಇಲ್ಲದ ಟೇಬಲ್ಲಿನ ಕಡೆಗೆ ಬೆರಳು ತೋರಿಸುತ್ತದೆ. ಇನ್ನು ಮೆರಿಟ್ ಪಟ್ಟಿಯ ಪಿಡಿಎಫ್, ಸಾವಿರ ಜನರಿಗೆ ಇಮೇಲ್, ಇಂಥವನ್ನು ಬ್ರೌಸರಿನ ಗುಂಡಿ ಒತ್ತಿ ಮಾಡಿಸಲೇ ಬೇಡ. ಕ್ರಾನ್‌ಗೆ ಕೊಡು, ಕಮಾಂಡ್ ಲೈನಿನ ಪಿಎಚ್‌ಪಿಗೆ ಸಮಯದ ಮಿತಿ ಇಲ್ಲ.

• ‘ಮ್ಯಾಕ್ಸ್ ಇನ್‌ಪುಟ್ ವೇರ್ಸ್’ ಎಂಬ ಮಿತಿಯ ಹೆಸರನ್ನೇ ಹಲವರು ಕೇಳಿಲ್ಲ, ಆದರೆ ಕಾಲೇಜಿನಲ್ಲಿ ಅದು ಮಾಡುವ ಹಾನಿ ದೊಡ್ಡದು. ಒಂದು ಫಾರ್ಮಿನಲ್ಲಿ 1000ಕ್ಕಿಂತ ಹೆಚ್ಚು ಖಾನೆ ಬಂದರೆ ಉಳಿದದ್ದನ್ನು ಪಿಎಚ್‌ಪಿ ಕೈಬಿಡುತ್ತದೆ. ಉಪನ್ಯಾಸಕರು ಒಂದೇ ಪುಟದಲ್ಲಿ ಇಡೀ ತರಗತಿಯ ಅಂಕ ತುಂಬುತ್ತಾರೆ ಎಂದಿಟ್ಟುಕೊ. 120 ವಿದ್ಯಾರ್ಥಿಗಳು, 6 ವಿಷಯ, ಆಂತರಿಕ ಮತ್ತು ಲಿಖಿತ ಎಂದು ಎರಡೆರಡು ಖಾನೆ. ಒಟ್ಟು 1440. ಒಬ್ಬರಿಗೆ 12 ಖಾನೆಯಂತೆ 83 ಮಕ್ಕಳ ಅಂಕ ಸರಿಯಾಗಿ ಸೇರುತ್ತದೆ, 84ನೆಯವರದ್ದು ಅರೆಬರೆ, ಆಮೇಲಿನವರದ್ದು ಇಲ್ಲವೇ ಇಲ್ಲ. ಪರದೆಯಲ್ಲಿ ‘ಉಳಿಸಲಾಗಿದೆ’ ಎಂದೇ ಬರುತ್ತದೆ. ಹಾಜರಿ ಪಟ್ಟಿಯ ಕೊನೆಯಲ್ಲಿರುವ ಮಕ್ಕಳ ಅಂಕ ಮಾತ್ರ ಪ್ರತಿ ಸಲ ಕಾಣೆಯಾಗುತ್ತಿದೆ ಎಂಬ ದೂರು ಬಂದರೆ ಉಪನ್ಯಾಸಕರನ್ನು ಅನುಮಾನಿಸುವ ಮೊದಲು ಎರರ್ ಲಾಗ್ ತೆರೆ. ‘ಇನ್‌ಪುಟ್ ವೇರಿಯಬಲ್ಸ್ ಎಕ್ಸೀಡೆಡ್ 1000’ ಎಂಬ ಸಾಲು ಅಲ್ಲಿರುತ್ತದೆ. ಈ ಮಿತಿ ಬಂದದ್ದಕ್ಕೂ ಕಾರಣವಿದೆ. ಬೇಕೆಂದೇ ಆರಿಸಿದ ಹೆಸರಿನ ಲಕ್ಷಾಂತರ ಖಾನೆ ಕಳಿಸಿ ಸರ್ವರನ್ನು ಉಸಿರುಗಟ್ಟಿಸುವ ದಾಳಿ 2011ರ ಕೊನೆಗೆ ಬಯಲಾಯಿತು, 2012ರ ಜನವರಿಯ 5.3.9ರಲ್ಲಿ ಈ ತಡೆ ಸೇರಿತು. ಆದ್ದರಿಂದ ಲಕ್ಷಕ್ಕೆ ಏರಿಸಬೇಡ. 2000 ಸಾಕು, ಪುಟಕ್ಕೆ 40 ವಿದ್ಯಾರ್ಥಿಗಳಂತೆ ಒಡೆದರೆ ಏರಿಸುವುದೇ ಬೇಡ.

• ಸೆಷನ್ನಿನ ಆಯುಷ್ಯ 1440 ಸೆಕೆಂಡು, ಅಂದರೆ 24 ನಿಮಿಷ. ಅರ್ಜಿ ತುಂಬುತ್ತಾ ಜಾತಿ ಪ್ರಮಾಣಪತ್ರ ಹುಡುಕಲು ಎದ್ದುಹೋದ ಅಪ್ಪ ವಾಪಸು ಬರುವಷ್ಟರಲ್ಲಿ ಅದು ಮುಗಿದಿರಬಹುದು. ಎರಡು ಗಂಟೆಗೆ ಏರಿಸಿದರೆ ತಪ್ಪಿಲ್ಲ. ಆದರೆ ಪಿಎಚ್‌ಪಿ.ಇನಿಯಲ್ಲೇ ಏರಿಸು. ಡೆಬಿಯನ್ನಿನಲ್ಲಿ ಹಳೆಯ ಸೆಷನ್ ಗುಡಿಸುವ ಕೆಲಸ ಬೇರೊಂದು ಸ್ಕ್ರಿಪ್ಟಿನದು, ಅದು ಆ ಫೈಲನ್ನು ನೋಡುತ್ತದೆ, ನಿನ್ನ ಕೋಡಿನ ಒಳಗೆ ಬರೆದದ್ದು ಅದಕ್ಕೆ ತಿಳಿಯದು. ಕುಕಿಗೆ ‘ಎಚ್‌ಟಿಟಿಪಿ ಓನ್ಲಿ’, ‘ಸೆಕ್ಯೂರ್’ ಎರಡನ್ನೂ ಆನ್ ಮಾಡು, ‘ಸ್ಟ್ರಿಕ್ಟ್ ಮೋಡ್’ ಸಹ.
‘ಸೇಮ್‌ಸೈಟ್’ ಅನ್ನು ‘ಲ್ಯಾಕ್ಸ್’ ಇಡುವುದು ಸರಿ, ಆದರೆ ಶುಲ್ಕದ ಪುಟವನ್ನು ಅದಕ್ಕೆ ತಕ್ಕ ಹಾಗೆ ಬರೆಯಬೇಕು. ಪೇಮೆಂಟ್ ಗೇಟ್‌ವೇ ಹಣ ಪಡೆದು ಪೋಸ್ಟ್ ವಿಧಾನದಲ್ಲಿ ನಿನ್ನ ಸೈಟಿಗೆ ಮರಳಿಸಿದರೆ ಬ್ರೌಸರು ಆ ಕುಕಿಯನ್ನು ಜೊತೆಗೆ ಕಳಿಸುವುದಿಲ್ಲ. ಹಣ ಕಟ್ಟಿದ ಹುಡುಗನಿಗೆ ಲಾಗಿನ್ ಪುಟ ಎದುರಾಗುತ್ತದೆ. ಅವನು ಗಾಬರಿಯಲ್ಲಿ ಇನ್ನೊಮ್ಮೆ ಕಟ್ಟುತ್ತಾನೆ. ಮರಳಿ ಬರುವ ಪುಟ ಸೆಷನ್ನನ್ನು ನಂಬದೆ ಆರ್ಡರ್ ಸಂಖ್ಯೆಯನ್ನೂ ಗೇಟ್‌ವೇಯ ಸಹಿಯನ್ನೂ ಪರಿಶೀಲಿಸಿ ರಸೀದಿ ಕೊಡುವಂತಿರಲಿ.

• ‘ಡೇಟ್ ಟೈಮ್‌ಝೋನ್’ ಎಂಬಲ್ಲಿ ‘ಏಷ್ಯಾ/ಕೋಲ್ಕತ’ ಇದೆಯೇ ನೋಡು. ಖಾಲಿ ಬಿಟ್ಟರೆ ಯುಟಿಸಿ. ರಾತ್ರಿ 11:59ಕ್ಕೆ ಮುಚ್ಚಬೇಕಾದ ಅರ್ಜಿ ಮರುದಿನ ಬೆಳಗಿನ 5:29ರವರೆಗೆ ತೆರೆದಿರುತ್ತದೆ. ಒಂದನೇ ತಾರೀಖು ನಡುರಾತ್ರಿ ಕಳೆದು ಕಟ್ಟಿದ ಶುಲ್ಕದ ರಸೀದಿಯಲ್ಲಿ ಹಿಂದಿನ ದಿನದ ತಾರೀಖು ಬೀಳುತ್ತದೆ. ಡೇಟಾಬೇಸಿನ ಗಡಿಯಾರ ಬೇರೆಯೇ, ಅದನ್ನೂ ನೋಡು.

• ನಮ್ಮ ಸೈಟು ಕನ್ನಡದ್ದು, ಆದ್ದರಿಂದ ಇದು ಮುಖ್ಯ. ‘ಡೀಫಾಲ್ಟ್ ಕ್ಯಾರ್‌ಸೆಟ್’ ಯುಟಿಎಫ್-8 ಇರಲಿ (5.6ರಿಂದ ತಾನಾಗಿಯೇ ಹಾಗಿದೆ), ‘ಎಂಬಿಸ್ಟ್ರಿಂಗ್’ ಎಕ್ಸ್‌ಟೆನ್ಶನ್ ಹಾಕಿರಲಿ, ಟೇಬಲ್ಲುಗಳೂ ಡೇಟಾಬೇಸಿನ ಕನೆಕ್ಷನ್ನೂ ‘ಯುಟಿಎಫ್8ಎಂಬಿ4’ ಆಗಿರಲಿ. ಟೇಬಲ್ಲಿನಲ್ಲೋ ಕನೆಕ್ಷನ್ನಿನಲ್ಲೋ ತಪ್ಪಿದರೆ ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಉಳಿಯಬಹುದು, ಹಾಗೆ ಹೋದ ಅಕ್ಷರ ಮತ್ತೆ ಸಿಗುವುದಿಲ್ಲ. ಕೋಡಿನಲ್ಲಿ ಉದ್ದ ಅಳೆಯುವ ಕಡೆಗಳನ್ನೂ ಹುಡುಕು. ‘ಲಕ್ಷ್ಮೀನಾರಾಯಣ’ ಎಂಬ ಹೆಸರು ಕಣ್ಣಿಗೆ ಆರು ಅಕ್ಷರ. ಯೂನಿಕೋಡಿನಲ್ಲಿ ಒತ್ತು, ದೀರ್ಘ ಎಲ್ಲ ಬಿಡಿಬಿಡಿಯಾಗಿ ಸೇರಿ 13. ಒಂದೊಂದಕ್ಕೆ ಮೂರು ಬೈಟಿನಂತೆ 39 ಬೈಟು. ಹೆಸರಿಗೆ 30 ಅಕ್ಷರದ ಮಿತಿ ಇಟ್ಟು ‘ಸ್ಟ್ರ್‌ಲೆನ್’ ಬಳಸಿ ಅಳೆದರೆ ಅದು ಬೈಟು ಎಣಿಸಿ ಲಕ್ಷ್ಮೀನಾರಾಯಣನನ್ನು ಹೊರಗೆ ಹಾಕುತ್ತದೆ. ‘ಎಂಬಿ ಸ್ಟ್ರ್‌ಲೆನ್’ ಬಳಸು. ಸುದ್ದಿಯ ಸಾರಾಂಶ ಕತ್ತರಿಸುವಾಗ ಪದಗಳ ನಡುವಿನ ಜಾಗದಲ್ಲೇ ಕತ್ತರಿಸು. ಇಲ್ಲದಿದ್ದರೆ ಒತ್ತಕ್ಷರ ಮುರಿದು ಅರ್ಧ ಪದ ನೇತಾಡುತ್ತದೆ.

• ಭದ್ರತೆಯ ವಿಷಯ. ‘ಎಕ್ಸೆಕ್’, ‘ಶೆಲ್ ಎಕ್ಸೆಕ್’, ‘ಸಿಸ್ಟಮ್’, ‘ಪಾಸ್‌ಥ್ರು’, ‘ಪ್ರೊಕ್ ಓಪನ್’, ‘ಪಿಓಪನ್’ ನಿನ್ನ ಕೋಡಿಗೆ ಬೇಡವಾದರೆ ‘ಡಿಸೇಬಲ್ ಫಂಕ್ಷನ್ಸ್’ ಸಾಲಿನಲ್ಲಿ ಬರೆ. ‘ಅಲೌ ಯುಆರ್‌ಎಲ್ ಇನ್‌ಕ್ಲೂಡ್’ ಆಫ್ ಆಗಿಯೇ ಇರಬೇಕು. ‘ಎಕ್ಸ್‌ಪೋಸ್ ಪಿಎಚ್‌ಪಿ’ ಆಫ್ ಮಾಡಿದರೆ ಆವೃತ್ತಿ ಹೊರಗೆ ಕಾಣದು, ಅಷ್ಟೇ ಅದರ ಪ್ರಯೋಜನ. ಎಲ್ಲಕ್ಕಿಂತ ದೊಡ್ಡದು ಅಪ್‌ಲೋಡ್ ಫೋಲ್ಡರು. ಅದರೊಳಗಿನ ಯಾವ ಫೈಲೂ ಪಿಎಚ್‌ಪಿಯಾಗಿ ಓಡದಂತೆ ಎಂಜಿನ್‌ಎಕ್ಸಿನಲ್ಲಿ ತಡೆ ಹಾಕು. ಸೆಟ್ಟಿಂಗ್ ಸಡಿಲವಿದ್ದ ಸರ್ವರುಗಳಲ್ಲಿ ಫೋಟೊ ಎಂದು ಕಳಿಸಿದ ಜೆಪೆಗ್ ಫೈಲಿನ ವಿಳಾಸದ ಕೊನೆಗೆ ಒಂದು ಓರೆಗೆರೆ, ಒಂದು ಇಲ್ಲದ ಪಿಎಚ್‌ಪಿ ಹೆಸರು ಸೇರಿಸಿ, ಆ ಫೋಟೊದ ಒಳಗಡೆ ಬಚ್ಚಿಟ್ಟ ಕೋಡನ್ನು ಓಡಿಸಿದ್ದಾರೆ. ಈಗ ಎಫ್‌ಪಿಎಂನ ‘ಲಿಮಿಟ್ ಎಕ್ಸ್‌ಟೆನ್ಶನ್ಸ್’ ಅದನ್ನು ತಡೆಯುತ್ತದೆ, ಯಾರೂ ಅದನ್ನು ಖಾಲಿ ಮಾಡಿಲ್ಲ ಎಂದು ಖಚಿತ ಮಾಡಿಕೊ.
ಆದರೆ ಸೆಟ್ಟಿಂಗೇ ಕಾಪಾಡುತ್ತದೆ ಎಂದು ಕೋಡನ್ನು ಅಜಾಗರೂಕತೆಯಿಂದ ಬರೆಯುವುದು ದೊಡ್ಡ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ‘ಮ್ಯಾಜಿಕ್ ಕೋಟ್ಸ್’, ‘ಸೇಫ್ ಮೋಡ್’ ಎಂಬವು ಹಿಂದೆ ಇದ್ದವು, ಅವನ್ನು ನೆಚ್ಚಿಕೊಂಡು ಬರೆದ ಕೋಡು ಎಷ್ಟೋ. ‘ರಿಜಿಸ್ಟರ್ ಗ್ಲೋಬಲ್ಸ್’ ಎಂಬುದು ವಿಳಾಸ ಪಟ್ಟಿಯಲ್ಲಿ ಬರೆದದ್ದನ್ನೆಲ್ಲ ನೇರ ವೇರಿಯಬಲ್ ಮಾಡಿಬಿಡುತ್ತಿತ್ತು. 2002ರಲ್ಲಿ ಅದನ್ನು ತಾನಾಗಿ ಆಫ್ ಇರುವಂತೆ ಮಾಡಿದರು. 2012ರ 5.4ರಲ್ಲಿ ಮೂರನ್ನೂ ತೆಗೆದೇ ಹಾಕಿದರು. ಎಸ್‌ಕ್ಯೂಎಲ್ ಪ್ರಶ್ನೆಗಳಿಗೆ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಳಸುವುದಕ್ಕೆ ಯಾವ ಸೆಟ್ಟಿಂಗೂ ಬದಲಿಯಲ್ಲ.

• ಆಪ್‌ಕ್ಯಾಶ್ ಆನ್ ಇರಲಿ, ಸೈಟಿನ ವೇಗಕ್ಕೆ ಅದಕ್ಕಿಂತ ಅಗ್ಗದ ಉಪಾಯ ಇಲ್ಲ. ‘ವ್ಯಾಲಿಡೇಟ್ ಟೈಮ್‌ಸ್ಟ್ಯಾಂಪ್ಸ್’ ಆಫ್ ಮಾಡಿದರೆ ಮಾತ್ರ, ಹೊಸ ಕೋಡು ಹಾಕಿದಾಗಲೆಲ್ಲ ಎಫ್‌ಪಿಎಂ ರೀಲೋಡ್ ಮಾಡಬೇಕು.

• ಆವೃತ್ತಿಯ ಕಡೆ ಗಮನ ಇಡು. 7.4ಕ್ಕೆ ಭದ್ರತಾ ತಿದ್ದುಪಡಿ 2022ರ ನವೆಂಬರಿನಲ್ಲೇ ನಿಂತಿದೆ. ನಿನ್ನ 8.2ಕ್ಕೆ 2026ರ ಕೊನೆಯವರೆಗೆ ಇದೆ. ಹೊಸದಕ್ಕೆ ಏರುವ ಕೆಲಸವನ್ನು ಪ್ರವೇಶದ ತಿಂಗಳಲ್ಲಿ ಖಂಡಿತ ಇಟ್ಟುಕೊಳ್ಳಬೇಡ. ದಸರಾ ರಜೆಯಲ್ಲಿ ಮಾಡು.

• ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸು. ಹಳೆಯ ಫೈಲಿನ ಪ್ರತಿ ತೆಗೆದಿಡು. ಪ್ರತಿ ಬದಲಾವಣೆಯ ಮೇಲೆ ಅರ್ಧವಿರಾಮ ಚಿಹ್ನೆ ಹಾಕಿ ತಾರೀಖು, ಹಳೆಯ ಅಂಕಿ, ಕಾರಣ ಬರೆ: ‘2 ಇತ್ತು, 6 ಮಾಡಿದೆ, ಅಂಕಪಟ್ಟಿಯ ಫೋಟೊಗಾಗಿ’. ಹ್ಯಾಶ್ ಚಿಹ್ನೆಯ ಟಿಪ್ಪಣಿ 7ನೇ ಆವೃತ್ತಿಯಿಂದ ನಡೆಯುವುದಿಲ್ಲ. ಎಫ್‌ಪಿಎಂನ ಫೈಲು ತಿದ್ದಿದರೆ ಅದರ ಕಮಾಂಡಿಗೆ ‘-ಟಿ’ ಸೇರಿಸಿ ಪರೀಕ್ಷಿಸು, ಸರಿಯಿದ್ದರೆ ಮಾತ್ರ ರೀಲೋಡ್ ಕೊಡು.

• ಮೇ ತಿಂಗಳು ಮುಗಿಯುವುದರೊಳಗೆ, ಕಚೇರಿಯ ವೈಫೈ ಬಿಟ್ಟು, ಆರೇಳು ಸಾವಿರ ರೂಪಾಯಿಯ ಮೊಬೈಲೊಂದರಲ್ಲಿ ಸಿಮ್ಮಿನ ಡೇಟಾ ಹಾಕಿ, ನಾಲ್ಕೂ ದಾಖಲೆಯ ಫೋಟೊ ಹೊಸದಾಗಿ ತೆಗೆದು, ಮೊದಲಿಂದ ಕೊನೆಯವರೆಗೆ ಒಂದು ಅರ್ಜಿ ನೀನೇ ತುಂಬಿ ಶುಲ್ಕ ಕಟ್ಟು. ಎಲ್ಲಿ ನಿಂತಿತು ಎಂದು ಬರೆದು ಲಾಗಿನ ಆ ಹೊತ್ತಿನ ಸಾಲುಗಳ ಸಮೇತ ನನಗೆ ಕಳಿಸು, ನೋಡೋಣ.